ಹಳ್ಳಿ ಮಕ್ಕಳ ಸಂಜೆ ಯಾರ ಹೊಣೆ?

ಬೇಸಿಗೆ ಶಿಬಿರ, ಚಿತ್ರಕಲೆ, ಚೆಸ್ ಎಂದರೆ ಹಳ್ಳಿಯ ಪೋಷಕರಿಗೆ ಆಸಕ್ತಿ ಕಡಿಮೆ ಎಂದು ಹಳ್ಳಿ ಮಕ್ಕಳ ಬಗೆಗಿನ ಲೇಖನವೊಂದರಲ್ಲಿ ಬರೆದಿರುವುದನ್ನು ನಾನು ಒಪ್ಪಲಾರೆ. ಮಲೆನಾಡಿನ ನಮ್ಮ ಊರಿನಲ್ಲಿ ಶಾಲೆ ಬಿಡುವುದು ನಾಲ್ಕೂವರೆಗೆ, ಕೊನೆಯ ಬಸ್ಸು ಐದಕ್ಕೆ. ಅದು ತಪ್ಪಿದರೆ ಕಾಡಂಚಿನ ರಸ್ತೆಯಲ್ಲಿ ನಡೆಯಬೇಕು. ಯಾವ ತಾಯಿ ತಾನೇ ಮಗಳಿಗೆ 'ಚಟುವಟಿಕೆಗೆ ಉಳಿದುಕೊಂಡು ಬಾ' ಎಂದಾಳು?

2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವವಿದೆ. ಈಗ ಆ ಗ್ರಂಥಾಲಯಕ್ಕೆ ಅರಿವು ಕೇಂದ್ರ ಎಂಬ ಹೆಸರು. ನಮ್ಮಲ್ಲಿಗೆ ಕೇರಂ, ಕಂಪ್ಯೂಟರ್ ಕೂಡ ಬಂದಿವೆ. ಆದರೆ ಕೇರಂ ಬೋರ್ಡಿನ ಸುತ್ತ ದಿನವೂ ಕಾಣುವುದು ಪೇಟೆಬೀದಿಯ ಮಕ್ಕಳೇ. ದೂರದ ಮಜರೆಗಳವರು ಚೀಲ ಹೊತ್ತುಕೊಂಡೇ ಕಿಟಕಿಯಲ್ಲಿ ಇಣುಕಿ, ಹಾರ್ನ್ ಕೇಳಿದೊಡನೆ ಓಡುತ್ತಾರೆ. ನೋಡಿದರೆ ಕರುಳು ಚುರುಕ್ ಎನ್ನುತ್ತದೆ.

ಶಿಬಿರಗಳಿಗೆ ಹಣ ಕೊಡುವ ದಾನಿಗಳು ವಾಹನಕ್ಕೂ ಒಂದಿಷ್ಟು ಎತ್ತಿಡಲಿ. ಅದಾಗದಿದ್ದರೆ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಚಟುವಟಿಕೆ ನಡೆಸಬಹುದು; ಮಧ್ಯಾಹ್ನದ ಬಸ್ಸು ಹೇಗೂ ಇದೆ. ನಮ್ಮ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಇದನ್ನು ಕೇಳಿದ್ದಾರೆ. ನಡಾವಳಿಯಲ್ಲಿ ಬರೆದುಕೊಂಡರೆ ಸಾಲದು, ಪಂಚಾಯಿತಿಯವರು ಮುಂದಿನ ಕ್ರಿಯಾಯೋಜನೆಯಲ್ಲಿ ಸೇರಿಸಬೇಕು.