ಸತ್ಯಾಂಶ: ಸಮುದ್ರಕ್ಕ ಗ್ವಾಡಿ ಕಟ್ಟಿದ್ರ ಮುಗೀತಾ?
ನಮ್ಮ ಬಾಗಲಕೋಟಿ ಗ್ರೂಪ್‌ನ್ಯಾಗ ಒಂದು ಫಾರ್ವರ್ಡ್ ತಿರಗಾಕತ್ತೇತಿ, "ನೆದರ್‌ಲ್ಯಾಂಡ್ಸ್‌ನವ್ರು ಬರೇ ಗ್ವಾಡಿ ಕಟ್ಟಿ ಸಮುದ್ರ ನಿಲ್ಲಿಸ್ಯಾರ, ಮಂಗಳೂರಿಂದ ಕಾರವಾರ ತನಕ ನಾವೂ ಹಂಗ ಕಟ್ಟೋಣು" ಅಂತ. ಅರ್ಧಾ ಖರೆ ಅಷ್ಟ. ಅಲ್ಲಿ ಒಡ್ಡು ಅದಾವ, ಆದ್ರ 2011ರಾಗ ಹೇಗ್ ಊರಿನ ಹತ್ರ ಸುಮಾರು 2.15 ಕೋಟಿ ಘನ ಮೀಟರ್ ಮರಳೂ ದಂಡಿಗೆ ಸುರುವ್ಯಾರ, ಗಾಳಿ ತೆರಿನ ಅದನ್ನ ದಂಡಿಗುಂಟ ಹರವಿ ದಂಡಿ ಗಟ್ಟಿ ಮಾಡ್ತಾವ. ರಾಟರ್‌ಡ್ಯಾಮ್‌ನ್ಯಾಗ ಹುಡುಗ್ರು ಬಾಸ್ಕೆಟ್‌ಬಾಲ್ ಆಡೋ ತಗ್ಗಿನ ಚೌಕ ಐತಿ, ಜೋರ್ ಮಳಿ ಬಂದ್ರ ಅದ ಮಳಿನೀರು ಹಿಡಿಯೋ ಹೊಂಡ ಆಕ್ಕೇತಿ. ಬರೇ ಕಲ್ಲಿನ ಗ್ವಾಡಿ ಕಟ್ಟಿದ್ರ ಅದರ ಮುಂದಿನ ಮರಳು ಕೊಚ್ಚಿ ಹೋಗಿ ಬಾಜೂ ಊರಿನ ದಂಡಿನೂ ಸವೀಬೋದು. ಕೆಲವು ಕಡೆ ಊರ ಹಿಂದ ಸರಿಸೂದ ದಾರಿ, ಅದು ನಮಗ ಹೊಸಾದಲ್ಲ ಬಿಡ್ರಿ, ಆಲಮಟ್ಟಿ ಹಿನ್ನೀರು ಬಂತಂತ ನವನಗರಕ್ಕ ಬಂದವ್ರು ನಾವು, ಪ್ಲಾಟ್ ಸಿಕ್ತು ಓಣಿ ಸಿಗಲಿಲ್ಲ ಅಂತ ನಮ್ಮವ್ವ ಇನ್ನೂ ಅಂತಾಳ.