ಒಂದು ತಲೆಗೆ ಎರಡು ಗಜ ಉಣ್ಣೆ

ಮಿಶಿಗನ್ನಿನ ಅಂಗಡಿಗಳಲ್ಲಿ ಚಳಿಟೋಪಿ ಸಿಗುವುದಿಲ್ಲವೇ? ರಾಶಿ ರಾಶಿ ಸಿಗುತ್ತದೆ. ಆದರೆ ನಮ್ಮೂರಿನ ಮ್ಯೂಸಿಯಂನವರು ಡಿಸೆಂಬರಿನ ಮೇಳಕ್ಕೆ 1870ರ ಸುಮಾರಿನ ವೇಷದಲ್ಲಿ ಬನ್ನಿ ಎಂದಿದ್ದರು. "ತಲೆ, ಕಿವಿ ಮುಚ್ಚುವ ಉಣ್ಣೆಯ ಹುಡ್ ನಾನೇ ಹೊಲಿದುಕೊಳ್ತೀನಿ" ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ನನ್ನ ಹೊಲಿಗೆಯ ಅನುಭವವೆಂದರೆ ಸೀರೆಗೆ ಫಾಲ್ಸ್ ಹಾಕಿದ್ದು, ಅದೂ ಒಂದೇ ಸಲ.

ಮಾದರಿಗೆ ಹಿಡಿದದ್ದು 1867ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಹಾರ್ಪರ್ಸ್ ಬಜಾರ್ ಎಂಬ ಹೆಂಗಸರ ಫ್ಯಾಷನ್ ಪತ್ರಿಕೆಯನ್ನು. ಅದರ ಜೊತೆ ಬರುತ್ತಿದ್ದ ಪ್ಯಾಟರ್ನ್ ಹಾಳೆಯನ್ನು, ಅಂದರೆ ಬಟ್ಟೆ ಕತ್ತರಿಸಲು ಗೆರೆ ಹಾಕಿಕೊಟ್ಟ ಕಾಗದವನ್ನು, ನೀವು ನೋಡಬೇಕು. ರವಿಕೆ, ಮಗುವಿನ ಅಂಗಿ, ಏಪ್ರನ್ನು, ಹುಡ್ಡು ಎಲ್ಲವೂ ಒಂದೇ ಹಾಳೆಯಲ್ಲಿ, ಒಂದರ ಮೇಲೊಂದು. ಒಂದಕ್ಕೆ ಚುಕ್ಕಿಗೆರೆ, ಇನ್ನೊಂದಕ್ಕೆ ತುಂಡುಗೆರೆ, ಮತ್ತೊಂದಕ್ಕೆ ಎರಡೂ ಬೆರೆತದ್ದು. ಚುಕ್ಕಿ ರಂಗೋಲಿಯ ಮೇಲೆ ಕೋಳಿ ಓಡಾಡಿದಂತಿತ್ತು. ಆ ಕಾಲದ ಹೆಂಗಸರು ದೀಪದ ಬೆಳಕಲ್ಲಿ ಇದನ್ನು ಬಿಡಿಸಿ ಓದುತ್ತಿದ್ದರಲ್ಲ, ಅವರಿಗೆ ದೊಡ್ಡ ನಮಸ್ಕಾರ. ನಾನು ಟ್ಯೂಬ್‌ಲೈಟಿನಡಿ ಎರಡು ಸಂಜೆ ಕೂತು ಗೆರೆ ಹಿಡಿದು ಹೋದೆ. ಎಲ್ಲೋ ಒಂದು ತಿರುವಿನಲ್ಲಿ ಪಕ್ಕದ ಗೆರೆ ಹತ್ತಿಬಿಟ್ಟಿದ್ದೆ. ಕತ್ತರಿಸಿ ನೋಡಿದರೆ ಹುಡ್ಡಿನ ಬೆನ್ನ ಭಾಗ ಇರಬೇಕಾದಲ್ಲಿ ಯಾರದೋ ತೋಳು!

ಪುಣ್ಯಕ್ಕೆ ಅದು ಕಾಗದ. ಉಣ್ಣೆ ಕತ್ತರಿಸುವಾಗ ಮಾತ್ರ ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ತಪ್ಪಾದದ್ದೇ ಅಲ್ಲಿ. ಆ ಪ್ಯಾಟರ್ನುಗಳಲ್ಲಿ ಹೊಲಿಗೆಗೆ ಮಾರ್ಜಿನ್ ಸೇರಿಸಿರುವುದಿಲ್ಲ, ನಾವೇ ಬಿಟ್ಟುಕೊಳ್ಳಬೇಕು. ಹೊಲಿದು ಮುಗಿಸಿದಾಗ ಹುಡ್ಡು ನನ್ನ ತುರುಬಿನ ಮೇಲೆ ಚಿಪ್ಪಿನಂತೆ ಕೂತಿತು. ಮಗಳು ಅದನ್ನು ಗೊಂಬೆಗೆ ತೊಡಿಸಿ, "ಇದಕ್ಕೂ ಟೈಟು ಕಣಮ್ಮ" ಎಂದಳು.

ಮತ್ತೆ ಒಂದು ಗಜ ಉಣ್ಣೆ ಬಂತು. ಈ ಸಲ ಸುತ್ತಲೂ ಅರ್ಧ ಇಂಚು ಬಿಟ್ಟೆ. ಲೈನಿಂಗ್ ಸೇರಿಸಿ ಸುತ್ತಲೂ ಹೊಲಿದೆ, ಒಳಮಗ್ಗಲನ್ನು ಹೊರಕ್ಕೆ ಮಗುಚಲು ಸಂದು ಬಿಡುವುದನ್ನು ಮರೆತೆ. ಬಿಚ್ಚಿದೆ. ಹೊಲಿದೆ. ಗಂಡ ಆ ವಾರವೆಲ್ಲ ಏನೂ ಕೇಳದೆ ಅನ್ನಕ್ಕಿಟ್ಟ.

ಭಾನುವಾರ ಹುಡ್ ತೊಟ್ಟು, ರಿಬ್ಬನ್ ಕಟ್ಟಿ, ತೀರ್ಥಹಳ್ಳಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಕನ್ನಡಕ ಏರಿಸಿ ನೋಡಿದಳು.

"ಏನೇ ಅದು, ಕಂಬಳಿಕೊಪ್ಪೆ ಹಾಕ್ಕೊಂಡು ಕೂತಿದೀಯ? ಅಲ್ಲೂ ಮಳೆಯಾ?"

"ಕೊಪ್ಪೆ ಅಲ್ಲಮ್ಮ, ನೂರೈವತ್ತು ವರ್ಷ ಹಳೇ ಡಿಸೈನು. ಮೂರು ವಾರ ಹಿಡೀತು."

"ಮೂರು ವಾರವಾ!" ಅಮ್ಮ ಹೆಗಲ ಮೇಲಿದ್ದ ಶಾಲು ತೆಗೆದು, ಒಂದು ಮೂಲೆ ಮಡಚಿ, ತಲೆಗೆ ಹಾಕಿಕೊಂಡಳು. "ನೋಡು, ಸರಿಯಾಯ್ತಾ?"