ಲೀಟರಿನ ಲೆಕ್ಕಕ್ಕೆ ಬಾರದ ಉಬ್ಬಸ

ದೆಹಲಿಗೆ ಬಂದು ಹದಿನೆಂಟು ವರ್ಷವಾಯ್ತು. ನವೆಂಬರ್ ಬಂತು ಅಂದ್ರೆ ನಮ್ಮ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿ ಪಕ್ಕ ನೆಬ್ಯುಲೈಸರ್, ಅಂದ್ರೆ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡೋ ಯಂತ್ರ, ಬಂದು ಕೂರುತ್ತದೆ. ಮಗಳಿಗೆ ಉಬ್ಬಸ. ಹತ್ತು ನಿಮಿಷ ಮಾಸ್ಕ್ ಹಿಡಿದು ಕೂರಬೇಕು. ಔಷಧಿ ಮುಗಿಯುತ್ತಾ ಬಂದಾಗ ಪುಟಪುಟ ಅಂತ ಸದ್ದಾಗುತ್ತದೆ, ನಿದ್ದೆಗಣ್ಣಲ್ಲೂ ಅವಳಿಗೆ ಅದು ಗೊತ್ತಾಗುತ್ತದೆ, ತಾನೇ ಸ್ವಿಚ್ ಆಫ್ ಮಾಡಿ ಮಲಗುತ್ತಾಳೆ. ಬೆಳಿಗ್ಗೆ ನಾನು ಮೂಗು ಒರೆಸಿಕೊಂಡರೆ ಕರ್ಚೀಫಿನಲ್ಲಿ ಕಪ್ಪು.

ಈ ಕಪ್ಪು ನನಗೆ ಹೊಸದಲ್ಲ. ಅರಸೀಕೆರೆ ಹತ್ತಿರದ ನಮ್ಮೂರಲ್ಲಿ ಕರೆಂಟು ಹೋದ ರಾತ್ರಿ ಸೀಮೆಎಣ್ಣೆ ಬುಡ್ಡಿ ಮುಂದೆ ಓದಿ ಮಲಗಿದರೆ ಬೆಳಿಗ್ಗೆ ಮೂಗಿನಲ್ಲಿ ಇದೇ ಮಸಿ ಇರುತ್ತಿತ್ತು. ಆ ಎಣ್ಣೆ ರೇಷನ್ ಅಂಗಡಿಯದು, ನೀಲಿ ಬಣ್ಣದ್ದು, ಸರ್ಕಾರ ದುಡ್ಡು ತುಂಬಿ ಅಗ್ಗಕ್ಕೆ ಕೊಟ್ಟಿದ್ದು. ಇಲ್ಲಿನ ಮಸಿಯಲ್ಲೂ ಸರ್ಕಾರದ ದುಡ್ಡು ಸೇರಿದೆ ಅನ್ನೋದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

2012ರ ಮೇ ನೆನಪು ಮಾಡಿಕೊಳ್ಳಿ. ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿತ್ತು, ಡೀಸೆಲ್ 41ರ ಆಸುಪಾಸು. ಕಾರು ಕೊಳ್ಳುವವರೆಲ್ಲ ಡೀಸೆಲ್ ಕಾರನ್ನೇ ನೋಡುತ್ತಿದ್ದರು, ನಾನೂ ಒಂದು ತಗೊಂಡೆ. ರೈತರಿಗೆ, ಲಾರಿಯವರಿಗೆ ಅಂತ ಸರ್ಕಾರ ಅಗ್ಗ ಮಾಡಿದ್ದ ಡೀಸೆಲ್ ನನ್ನಂಥ ಸಂಬಳದವನ ಕಾರಿಗೂ, ಅಪಾರ್ಟ್‌ಮೆಂಟಿನ ಜನರೇಟರಿಗೂ ಹೋಯ್ತು. 2012-13ರಲ್ಲಿ ಡೀಸೆಲ್ಲನ್ನು ಕಡಿಮೆ ಬೆಲೆಗೆ ಮಾರಿದ್ದಕ್ಕೆ ತೈಲ ಕಂಪನಿಗಳಿಗೆ ಆದ ಖೋತಾ ಸುಮಾರು 92 ಸಾವಿರ ಕೋಟಿ. ಕೇಂದ್ರದ ಆರೋಗ್ಯ ಇಲಾಖೆಯ ಆ ವರ್ಷದ ಬಜೆಟ್ಟಿಗಿಂತ ಎರಡು ಪಟ್ಟಿಗೂ ಜಾಸ್ತಿ! ಅದೇ 2012ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ಖಚಿತವಾಗಿ ಹೇಳಿತು. ಬೆಲೆಯ ಮೇಲಿನ ಹಿಡಿತ ಸರ್ಕಾರ ಪೂರ್ತಿ ಬಿಟ್ಟಿದ್ದು 2014ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಆ ಕಾರುಗಳೆಲ್ಲ ರಸ್ತೆಗೆ ಇಳಿದಾಗಿತ್ತು.

ಹೊಟ್ಟೆ ಉರಿಯೋದು ಯಾಕೆ ಅಂದ್ರೆ, ಇದೇ ದೆಹಲಿ 1998ರ ಸುಪ್ರೀಂ ಕೋರ್ಟ್ ಆದೇಶದ ನಂತರ ಎಷ್ಟೋ ಕಷ್ಟಪಟ್ಟು, ಬಸ್ಸಿಲ್ಲದೆ ಜನ ಗಂಟೆಗಟ್ಟಲೆ ಕಾದು, 2002ರ ಕೊನೆಯ ಹೊತ್ತಿಗೆ ಸಿಟಿ ಬಸ್ಸುಗಳನ್ನು ಡೀಸೆಲ್ಲಿನಿಂದ ಸಿಎನ್‌ಜಿಗೆ, ಅಂದ್ರೆ ಒತ್ತಿ ತುಂಬಿದ ನೈಸರ್ಗಿಕ ಅನಿಲಕ್ಕೆ, ತಂದಿತ್ತು. ಬಸ್ಸಿನಿಂದ ಬಿಡಿಸಿದ ಡೀಸೆಲ್ಲನ್ನು ಕಾರಿಗೆ ತುಂಬಿಸಿದೆವು. ಕೂಳೆ ಸುಡುವ ಹೊಗೆ, ರಸ್ತೆ ಧೂಳು ಎಲ್ಲ ಸೇರಿ ಈ ಗತಿ ಬಂದಿದೆ, ಡೀಸೆಲ್ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ದುಡ್ಡು ಕೊಟ್ಟು ಹೊಗೆ ಹೆಚ್ಚಿಸೋ ಅಗತ್ಯ ಏನಿತ್ತು?

ತಡವಾಗಿಯಾದರೂ ಇಲ್ಲಿ ಹೊಗೆಗೆ ಬೆಲೆ ಕಟ್ಟಿದರು. 2015ರಲ್ಲಿ ಕೋರ್ಟ್ ಆದೇಶದ ಮೇಲೆ, ದೆಹಲಿ ಒಳಗೆ ಬರುವ ಸಣ್ಣ ಸರಕು ಗಾಡಿಗೆ 700, ದೊಡ್ಡ ಲಾರಿಗೆ 1,300 ರೂಪಾಯಿ ಪರಿಸರ ಪರಿಹಾರ ಶುಲ್ಕ ಹಾಕಿದರು. ನಮ್ಮ ಕಡೆ? 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿ ಡೀಸೆಲ್ ಲೀಟರಿಗೆ 2 ರೂಪಾಯಿ ಜಾಸ್ತಿಯಾದಾಗ ನಾನು ಊರಲ್ಲೇ ಇದ್ದೆ. ಲಾರಿ ಮುಷ್ಕರದ ಮಾತು, ತರಕಾರಿ ರೇಟಿನ ಮಾತು, ಪಕ್ಕದ ರಾಜ್ಯಗಳಿಗಿಂತ ಈಗಲೂ ಕಡಿಮೆ ಅನ್ನೋ ಸರ್ಕಾರದ ಸಮಜಾಯಿಷಿ. ಎದೆ, ಶ್ವಾಸ, ಆಸ್ಪತ್ರೆ ಅನ್ನೋ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಲಾರಿಯವರ ಕಷ್ಟ ಸುಳ್ಳಲ್ಲ. ಆದರೆ ಬೆಂಗಳೂರಿನ ಸಿಗ್ನಲ್ಲಿನಲ್ಲಿ ದಿನವಿಡೀ ನಿಲ್ಲುವ ಟ್ರಾಫಿಕ್ ಪೊಲೀಸಿನವರ ಔಷಧಿ ಖರ್ಚೂ ಅದೇ ಲೀಟರಿನ ಬೆಲೆಯಲ್ಲಿ ಸೇರಬೇಕಲ್ವಾ?

ಹಾಗಂತ ಎಲ್ಲ ಸಬ್ಸಿಡಿಯೂ ಬೇಡ ಅಂತ ನಾನು ಹೇಳಲಾರೆ. ಗ್ಯಾಸ್ ಕೂಡ ನೆಲದಡಿಯ ಇಂಧನವೇ, ಆದರೆ ಸಿಲಿಂಡರ್ ಬಂದ ಮೇಲೆ ನಮ್ಮವ್ವನ ಕೆಮ್ಮು ಕಡಿಮೆಯಾಯ್ತು. ಸುಣ್ಣ ಹೊಡೆದ ಅಡುಗೆಮನೆ ಗೋಡೆ ವರ್ಷವಾದರೂ ಬೆಳ್ಳಗಿರೋದನ್ನ ನಾನು ಮೊದಲ ಸಲ ನೋಡಿದ್ದು ಆಗಲೇ. ದುಡ್ಡು ಹಾಕೋದಾದರೆ ಅಲ್ಲಿ ಹಾಕಲಿ, ಇನ್ನೂ ಜಾಸ್ತಿ ಹಾಕಲಿ. ಕಳೆದ ಸಲ ಹೋದಾಗ ಅವ್ವ ಮತ್ತೆ ಸೌದೆ ಒಲೆ ಮುಂದೆ ಕೂತು ಊದುಗೊಳವೆ ಹಿಡಿದಿದ್ದಳು. ಯಾಕವ್ವ ಅಂದೆ. "ಗ್ಯಾಸ್ ರೇಟು ನೋಡಿದ್ಯೇನಪ್ಪ, ಕಾಫಿಗೆ ಮಾತ್ರ ಅದು, ಮುದ್ದೆಗೆ ಇದೇ" ಅಂದಳು, ಕಣ್ಣು ಒರೆಸಿಕೊಳ್ಳುತ್ತಾ.